ಬಿಸಿ ಇದ್ದಾಗ ಏಳದ್ದು

ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಮಾತಿಗೆ ಏಳುತ್ತದಂತೆ.
ಓಡಿ ಬಿಸಿಯಾದ ಮೇಲೆ ನಿಲ್ಲಿಸಿ
ಒಂದು ಕಾಫಿ ಕುಡಿದು ಬಂದರೆ
ಜಪ್ಪಯ್ಯ ಅಂದರೂ ಇಲ್ಲ.
ಇಪ್ಪತ್ತು ನಿಮಿಷ, ಮೂವತ್ತು, ಅದೇ ಅದರ ಕೆಟ್ಟ ಗಳಿಗೆ.
ಮೂರು ತಾಸು ಬಿಟ್ಟು ನೋಡಿ,
ಮತ್ತೆ ಸಾಧುಪ್ರಾಣಿ.

ಇಷ್ಟನ್ನೂ ಪಾಷ್ಕ್ ಹೇಳಿದ್ದು ಎಂಜಿನ್ ಆರಿಸದೆ,
ನನ್ನ ಗ್ಯಾರೇಜಿನ ಬಾಗಿಲಲ್ಲಿ, ಅರ್ಧ ಇಳಿದು.
ಎಂಬತ್ತಮೂರರ ಮರ್ಸಿಡಿಸ್,
ಜರ್ಮನಿಯಲ್ಲಿ ಯಾರೋ ಹಲ್ಲಿನ ಡಾಕ್ಟರದ್ದು,
ಈಗ ಶ್ಕೋದರ್ ಊರಿನ ಸೈಕಲ್ಲುಗಳ ನಡುವೆ
ಹಾರ್ನ್ ಹೊಡೆದುಕೊಂಡು ಬದುಕುತ್ತಿದೆ.

ಟಿರಾನಾದವರು ಬ್ಯಾಟರಿ ಬದಲಿಸಿದರು.
ಲೆಝೆಯವನು ಸ್ಟಾರ್ಟರ್. ಷಡ್ಡಕ ಪ್ಲಗ್ಗು.
ಎತ್ತಿಗೆ ಜ್ವರ ಬಂದದ್ದಕ್ಕೆ ಎಮ್ಮೆ
ಮೂರು ಸಲ ಬರೆ ತಿಂದಾಗಿದೆ.

ಅಪ್ಪನ ಪ್ರೆಶರ್ ಗೇಜು ಇನ್ನೂ
ಅವನ ಉಣ್ಣೆಯ ಕಾಲುಚೀಲದಲ್ಲೇ ಮಲಗುತ್ತದೆ.
ತೆಗೆದು ಒರೆಸಿ
ಪೆಟ್ರೋಲು ಹಂಚುವ ಬುರುಡೆಯಿಂದ ಹೊರಟ
ಸಣ್ಣ ಪೈಪಿನ ನಡುವೆ ಕೂರಿಸಿದೆ.
ಓಡುವಾಗ ಮುಳ್ಳು ಮೂರೂವರೆ.
ತಕರಾರಿಲ್ಲ.

ಆರಿಸು ಅಂದೆ.
ಅವನ ಕೈ ಕೀಲಿಯ ಮೇಲೆ ತಡೆಯಿತು.
'ಆಮೇಲೆ ಏಳದಿದ್ದರೆ?'
ಅದನ್ನೇ ಅಲ್ಲವೇ ಮಾರಾಯ ನೋಡಬೇಕಾದದ್ದು.

ಇನ್ನು ಕೆಲಸವೆಂದರೆ ಕಾಯುವುದು, ಅಷ್ಟೇ.
ಎರಡು ಸ್ಟೂಲು, ಎರಡು ಕಾಫಿ, ಜುಲೈಯ ತಗಡಿನ ಮಾಡು.
ನಿಂತ ಎಂಜಿನ್ನು ನಿಂತ ಮೇಲೂ
ಸ್ವಲ್ಪ ಒತ್ತಡ ಹಿಡಿದಿಟ್ಟುಕೊಳ್ಳಬೇಕು.
ಇಲ್ಲದಿದ್ದರೆ ಆ ಕಾವಿಗೆ
ಪೈಪಿನಲ್ಲೇ ಪೆಟ್ರೋಲು ಕುದಿದು ಆವಿ;
ಪಂಪು ತಳ್ಳಿದ್ದೆಲ್ಲ ಆವಿಯನ್ನು ಹಿಸುಕುವುದಕ್ಕೇ ಖರ್ಚು.
ಮುಳ್ಳು ಎರಡಕ್ಕೆ ಬಂತು.

ಅಕ್ಕ ಕೊಪ್ಲಿಕ್‌ನಲ್ಲಿದ್ದಾಳೆ ಅಂದ, ಕೇಳದೆಯೇ.
ತಿಂಗಳಿಗೊಂದು ಹಿಟ್ಟಿನ ಮೂಟೆ ಒಯ್ದು ಕೊಡುತ್ತೇನೆ.
ಗೇಟಿನಲ್ಲೇ ಇಳಿಸಿ,
'ಆರಿಸಿದರೆ ಏಳದು ಕಣೇ, ಬರುತ್ತೇನೆ.'
ಎರಡು ಬೇಸಿಗೆಯಾಯ್ತು.
ಭಾವ ಹಾಸಿಗೆ ಹಿಡಿದ ಕೋಣೆಯ ಕಿಟಕಿ
ರಸ್ತೆಗೇ ಇದೆ.
ಅವನು ಕೈ ಎತ್ತುತ್ತಾನೆ.
ನಾನು ಹಾರ್ನ್ ಹೊಡೆಯುತ್ತೇನೆ.

ಒಂದು.
ಮುಕ್ಕಾಲು.
ನಾನು ಗೇಜನ್ನೇ ನೋಡಿದೆ,
ಅವನೂ ಅದನ್ನೇ ನೋಡಿದ,
ಇನ್ನೆಲ್ಲಿ ನೋಡುವುದು.
ಸೊನ್ನೆ.

ಪಂಪಿನ ವಾಲ್ವಿನ ಮೇಲೆ ನನಗೆ ಗುಮಾನಿ.
ತಪ್ಪು ನನ್ನದೇ; ಬಿಚ್ಚಿ ಒಂದು ಸಂಜೆ ಹಾಳುಮಾಡಿದೆ.
ಆಮೇಲೆ ಬಲಗಡೆಯ ಹಿಂದಿನ ಚಕ್ರದ ಹತ್ತಿರ
ಅಂಗಾತ ಮಲಗಿ ತಡಕಿದೆ:
ಮುಷ್ಟಿಯಷ್ಟು ತಗಡಿನ ಡಬ್ಬಿ,
ಒಳಗೊಂದು ಸ್ಪ್ರಿಂಗು, ಒಂದು ಪೊರೆ.
ಎಂಜಿನ್ ನಿಂತ ಮೇಲೆ ಒತ್ತಡ ಕಾಯುವುದು ಇದರ ಚಾಕರಿ.
ಹಿಂಬದಿಯ ಸಣ್ಣ ಕೊಳವೆ ಎಳೆದೆ.
ಒಣಗಿರಬೇಕಾದದ್ದು.
ಪೆಟ್ರೋಲು ಮಣಿಕಟ್ಟಿನಿಂದ ಇಳಿದು
ಮೊಣಕೈವರೆಗೆ ಬಂತು, ತಣ್ಣಗೆ.
ಪೊರೆ ಹರಿದಿತ್ತು. ಯಾವತ್ತು ಹರಿಯಿತೋ,
ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಹೊಸ ಡಬ್ಬಿ ಪೊಡ್ಗೊರಿಕಾದಿಂದ ಬಸ್ಸಿನಲ್ಲಿ ಬಂತು,
ಡ್ರೈವರನ ಕಾಲ ಬಳಿ, ಒಂದು ಕಲ್ಲಂಗಡಿಯ ಜೊತೆ.
ಹಾಕಿ, ಓಡಿಸಿ, ಆರಿಸಿ, ಮತ್ತೆ ಎರಡು ಸ್ಟೂಲು.
ಈ ಸಲ ಅವನು ಏನೂ ಹೇಳಲಿಲ್ಲ.
ಅರ್ಧ ಗಂಟೆಗೂ ಮುಳ್ಳು ಎರಡೂವರೆಯಲ್ಲಿ
ಹಠ ಹಿಡಿದು ಕೂತಿತ್ತು.
ಕೀಲಿ ತಿರುಗಿಸಿದ,
ತಿರುಗಿಸುವ ಮೊದಲೇ ಎಂಬಂತೆ ಎದ್ದಿತು.

'ಸರಿಯಾಯ್ತು' ಅಂದೆ.
'ಸರಿಯಾಯ್ತು' ಅಂದ,
ಬೇರೆಯವರ ಕಾಗದ ಓದಿ ಹೇಳುವವನ ಹಾಗೆ.

ದುಡ್ಡು ಎಣಿಸಿಟ್ಟು ಕೈ ತೊಳೆಯಲು ಹೋದ.
ಎಂಜಿನ್ ಹಾಗೇ ಗುರುಗುಡುತ್ತಿತ್ತು,
ರೂಢಿ.
ಹಿಂದಿನ ಸೀಟಿನಲ್ಲಿ ಹಿಟ್ಟಿನ ಮೂಟೆ,
ಬೆಲ್ಟ್ ಹಾಕಿ ಕೂರಿಸಿದ್ದು.
ಕಿಟಕಿಯೊಳಗೆ ಕೈ ಹಾಕಿ
ನಾನೇ ಆರಿಸಿದೆ.